ಬೈರಮ್ಮ ಹೇಳಿದ ಸಾಕ್ಷಿ

ಆದಿಲಕ್ಷ್ಮಿಯ ಬಲಗೈ ಮೆಷಿನ್ನಿಗೆ ಸಿಕ್ಕಿದ್ದು ಬುಧವಾರ ಬೆಳಿಗ್ಗೆ.

ಮಾಲೂರಿನಿಂದ ಟೇಕಲ್ ಕಡೆಗೆ ಹೋಗುವ ರಸ್ತೆಯಲ್ಲಿ ಆ ಇಟ್ಟಿಗೆ ಫ್ಯಾಕ್ಟರಿ ಇದೆ. ಲಾರಿಯಲ್ಲಿ ಮಣ್ಣು ಬಂದು ಬೀಳುತ್ತದೆ. ಹೆಂಗಸರು ಅದನ್ನು ಬಾಂಡಲಿಗೆ ತುಂಬಿ, ತಲೆಯ ಮೇಲೆ ಹೊತ್ತು, ಮಣ್ಣು ಕಲಸುವ ಮೆಷಿನ್ನಿನ ಬಾಯಿಗೆ ಸುರಿಯುತ್ತಾರೆ. ಒಳಗೆ ಎರಡು ಕಬ್ಬಿಣದ ಉರುಳೆಗಳು ಎದುರುಬದುರಾಗಿ ತಿರುಗುತ್ತವೆ. ಮಣ್ಣಿನ ಜೊತೆ ಕಲ್ಲು ಇಳಿದರೆ ಉರುಳೆ ಕಿರುಚುತ್ತದೆ. ಮೊದಲು ಆ ಬಾಯಿಗೆ ಕಬ್ಬಿಣದ ಜಾಲರಿ ಇತ್ತು. ಜಾಲರಿ ಇದ್ದರೆ ಮಣ್ಣು ನಿಧಾನವಾಗಿ ಇಳಿಯುತ್ತದೆ, ದಿನಕ್ಕೆ ಇಟ್ಟಿಗೆ ಕಡಿಮೆಯಾಗುತ್ತದೆ ಎಂದು ಯುಗಾದಿ ಕಳೆದ ಮೇಲೆ ಅದನ್ನು ಬಿಚ್ಚಿಸಿ ಗೋಡೆಗೆ ಒರಗಿಸಿದ್ದರು.

ಅವತ್ತು ಕಲ್ಲು ಸಿಕ್ಕಿಕೊಂಡಿತು.

"ನಿಲ್ಸಣ್ಣ, ಕಲ್ಲು ತೆಗೀತೀನಿ" ಎಂದಳು ಆದಿಲಕ್ಷ್ಮಿ.

"ನಿಲ್ಸಿದ್ರೆ ಮತ್ತೆ ಶುರು ಆಗೋಕೆ ಅರ್ಧ ಗಂಟೆ ಬೇಕು. ಹಂಗೇ ತೆಗಿ" ಎಂದ ಮೇಸ್ತ್ರಿ ವೆಂಕಟರಮಣಪ್ಪ. "ನಿನ್ನ ಕೈಯೇನು ಸಕ್ಕರೇಲಿ ಮಾಡಿರೋದಾ?"

ಆದಿಲಕ್ಷ್ಮಿ ಬಗ್ಗಿದಳು. ಎಲ್ಲರಂತೆ ಅವಳೂ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟಿದ್ದಳು. ಮೊದಲು ಅಂಗಿಯ ತೋಳು ಒಳಗೆ ಹೋಯಿತು. ಆಮೇಲೆ ಬೆರಳುಗಳು. ಆಮೇಲೆ ಮುಂಗೈ.

ಅವಳ ಬೆನ್ನಿಗೇ ಬಾಂಡಲಿ ಹೊತ್ತು ನಿಂತಿದ್ದವಳು ಬೈರಮ್ಮ. ಬಾಂಡಲಿ ಎಸೆದು ಓಡಿದಳು. ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಒದ್ದೆ ಕೈಯಲ್ಲೇ ಕೆಳಗೆ ಎಳೆದಳು. ಉರುಳೆ ನಿಂತಿತು. ಅಷ್ಟು ಹೊತ್ತಿಗೆ ಮಣ್ಣು ಕೆಂಪಾಗಿತ್ತು. ಆ ಕೆಂಪು ಮಣ್ಣಿನಲ್ಲಿ ಕೈ ಎಲ್ಲಿ ಮುಗಿಯಿತು, ಮೆಷಿನ್ ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯಲಿಲ್ಲ. ಉರುಳೆಯನ್ನು ಸರಳಿನಿಂದ ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದರು. ಆದಿಲಕ್ಷ್ಮಿ ಕೂಗಲಿಲ್ಲ. ಬಾಯಿ ತೆರೆದೇ ಇತ್ತು. ದನಿ ಇರಲಿಲ್ಲ.

ಓನರ್ ಅಮರನಾಥನ ಕಾರು ಅವಳನ್ನು ಹೊತ್ತುಕೊಂಡು ಹೋಯಿತು. ಕಾರು ಗೇಟು ದಾಟಿದ ಮೇಲೆ ವೆಂಕಟರಮಣಪ್ಪ ಪೈಪಿನಲ್ಲಿ ನೀರು ಬಿಟ್ಟು ಉರುಳೆ ತೊಳೆಸಿದ. ಗೋಡೆಗೆ ಒರಗಿಸಿದ್ದ ಜಾಲರಿಯನ್ನು ತಂದು ಬಾಯಿಗೆ ಕೂರಿಸಿ ಬೋಲ್ಟು ಬಿಗಿಸಿದ. ಮಧ್ಯಾಹ್ನ ಎರಡು ಗಂಟೆಗೆ ಮೆಷಿನ್ ಮತ್ತೆ ಓಡಿತು. ಬೈರಮ್ಮ ಮತ್ತೆ ಬಾಂಡಲಿ ಹೊತ್ತಳು. ಹೊತ್ತದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಸಂಜೆ ಐದರವರೆಗೆ ಹೊತ್ತಳು.

ಬೈರಮ್ಮನಿಗೆ ನಲವತ್ತೇಳು ವರ್ಷ. ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನ ತಾಯಲೂರು ಕಡೆಯ ಒಂದು ಕಾಲೊನಿಯಲ್ಲಿ. ಮನೆಮಾತು ತೆಲುಗು. ಮದುವೆಯಾಗಿ ಈ ಕಡೆಗೆ ಬಂದಳು. ಗಂಡ ಸುಬ್ಬರಾಯಪ್ಪ ಇದೇ ಫ್ಯಾಕ್ಟರಿಯ ಗೂಡಿಗೆ ಬೆಂಕಿ ಹಾಕುವವನು. ಹದಿನಾರು ವರ್ಷ ಹೊಗೆ ಮತ್ತು ಬೂದಿ ಕುಡಿದ. ಶ್ವಾಸಕೋಶ ಕಲ್ಲಾಯಿತು. ಎಂಟು ತಿಂಗಳು ಚಾಪೆಯ ಮೇಲೆ ಕೆಮ್ಮುತ್ತ ಮಲಗಿದ. ಊರಿನವರು ಯಾರೂ ಕಾಲೊನಿಗೆ ಬರುವವರಲ್ಲ. ಕಾಲೊನಿಯವರೂ ಅಂಟುರೋಗವೆಂದು ಹೆದರಿ ಬಾಗಿಲಿಂದಲೇ ಮಾತಾಡಿ ಹೋಗುತ್ತಿದ್ದರು.

ಒಳಗೆ ಬಂದವರು ಪಾಸ್ಟರ್ ಕದಿರೇಶ್ ಒಬ್ಬರೇ. ಹಳೆಯ ಬೈಕಿನಲ್ಲಿ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಸುಬ್ಬರಾಯಪ್ಪನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಅವನು ಕೆಮ್ಮಿದಾಗ ಕಫದ ತಟ್ಟೆ ಹಿಡಿದರು. ಎದ್ದು ಹೋಗುವ ಮೊದಲು, "ಸಿಸ್ಟರ್, ಕುಡಿಯೋಕೆ ನೀರು ಕೊಡ್ತೀರಾ?" ಎಂದರು.

ಬೈರಮ್ಮ ಗಾಬರಿಯಾದಳು. ಹೊರಗಿನ ಒಬ್ಬ ಓದಿದ ಮನುಷ್ಯ ಅವಳ ಮನೆಯ ಚೊಂಬು ಮುಟ್ಟಿ ನೀರು ಕೇಳಿದ್ದು ಅದೇ ಮೊದಲು. ಅವರು ಚೊಂಬು ಎತ್ತಿ ಗಟಗಟ ಕುಡಿದರು. ಬೈರಮ್ಮ ಏಸುವನ್ನು ನಂಬಿದ್ದು ಆಗ. ಬೈಬಲ್ಲಿನ ವಾಕ್ಯ ಕೇಳಿ ಅಲ್ಲ. ಪವಾಡ ನೋಡಿಯೂ ಅಲ್ಲ. ಸುಬ್ಬರಾಯಪ್ಪ ಬದುಕಲಿಲ್ಲ. ಅವನನ್ನು ಮಣ್ಣು ಮಾಡಿದ ಮರುವರ್ಷ ಅವಳು ದೀಕ್ಷಾಸ್ನಾನ ತೆಗೆದುಕೊಂಡಳು. "ಎಸ್ತರ್ ಅಂತ ಹೊಸ ಹೆಸರು ಇಡೋಣ್ವಾ?" ಎಂದು ಪಾಸ್ಟರ್ ಕೇಳಿದರು. "ಯಾಕೆ ಅಯ್ಯಗಾರೂ? ಬೈರಮ್ಮ ಅಂದ್ರೆ ದೇವರಿಗೆ ಗುರ್ತು ಸಿಗಲ್ವಾ?" ಎಂದಳು. ಪಾಸ್ಟರ್ ನಕ್ಕು ಬಿಟ್ಟುಬಿಟ್ಟರು. ಅಕ್ಷರ ಕಲಿಸಿದ್ದೂ ಅವರೇ. ಭಾನುವಾರ ಪ್ರಾರ್ಥನೆಯ ಕೂಟ ಮುಗಿದ ಮೇಲೆ ಒಂದು ಗಂಟೆ ಸ್ಲೇಟು ಹಿಡಿಸುತ್ತಿದ್ದರು. ಎರಡು ವರ್ಷದಲ್ಲಿ ಅವಳು ಕೂಡಿಸಿ ಕೂಡಿಸಿ ಓದುವಷ್ಟಾದಳು. ಪ್ರಾರ್ಥನೆ ಮಾತ್ರ ತೆಲುಗಿನಲ್ಲೇ ಬರುತ್ತಿತ್ತು.

ಮಗಳು ಮೇಘನ ಕೂಟಕ್ಕೆ ಬರುತ್ತಿರಲಿಲ್ಲ. ಅವಳು ಕೋಲಾರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಪರಿಶಿಷ್ಟ ಜಾತಿಯ ಸರ್ಟಿಫಿಕೇಟಿನ ಮೇಲೆ ಸರ್ಕಾರಿ ಹಾಸ್ಟೆಲ್ಲಿನಲ್ಲಿ ಇದ್ದಳು. ಕ್ರೈಸ್ತರಾದರೆಂದು ತಿಳಿದರೆ ಆ ಸರ್ಟಿಫಿಕೇಟು ರದ್ದಾಗುತ್ತದೆ ಎಂಬ ಹೆದರಿಕೆ ಅವಳಿಗೆ. "ನೀನು ಎಲ್ಲಿಗಾದ್ರೂ ಹೋಗಮ್ಮ. ಯಾರಾದ್ರೂ ಕೇಳಿದ್ರೆ ಮಾತ್ರ ಹೇಳ್ಬೇಡ" ಎನ್ನುತ್ತಿದ್ದಳು.

ಶುಕ್ರವಾರ ಬೈರಮ್ಮ ರಜೆ ಹಾಕಿ ಕೋಲಾರದ ಆಸ್ಪತ್ರೆಗೆ ಹೋದಳು. ಆದಿಲಕ್ಷ್ಮಿಯ ಕೈಯನ್ನು ಮೊಣಕೈ ಕೆಳಗೆ ಕತ್ತರಿಸಿದ್ದರು. ದಪ್ಪ ಬ್ಯಾಂಡೇಜಿನ ಮೇಲೆ ಹಳದಿ ಕಲೆ. ಅವಳ ಗಂಡ ಮುನಿಕೃಷ್ಣ ಮಂಚದ ಕೆಳಗೆ ಕುಳಿತಿದ್ದ. ಅವರು ಪ್ರಾರ್ಥನೆಯ ಜನ ಅಲ್ಲ. ಗಂಗಮ್ಮನ ಒಕ್ಕಲು.

"ಅಕ್ಕಾ, ಬೆರಳು ಕಡೀತಾ ಐತೆ" ಎಂದಳು ಆದಿಲಕ್ಷ್ಮಿ. "ಇಲ್ದಿರೋ ಬೆರಳು ಕಡೀತೈತಲ್ಲಕ್ಕಾ, ಎಲ್ಲಿ ಅಂತ ಕೆರೀಲಿ?"

ಬೈರಮ್ಮ ಅವಳ ಎಡಗೈ ಹಿಡಿದುಕೊಂಡಳು.

ಅಲ್ಲೇ ಒಬ್ಬಳು ಹುಡುಗಿ ಕಪ್ಪು ಕೋಟು ಮಡಚಿ ತೋಳಿಗೆ ಹಾಕಿಕೊಂಡು ನಿಂತಿದ್ದಳು. ವಕೀಲೆ, ಹೆಸರು ಅನಿತ. ಪಕ್ಕದ ವಾರ್ಡಿನ ನರ್ಸ್ ಹೇಳಿ ಕಳಿಸಿ ಕರೆಸಿದ್ದಳು. ಅನಿತ ಒಂದು ಕಾಗದ ತೋರಿಸಿದಳು. ಆಸ್ಪತ್ರೆಗೆ ಸೇರಿಸುವಾಗ ಬರೆಸಿದ್ದರ ನಕಲು. ಬೈರಮ್ಮ ಕೂಡಿಸಿ ಓದಿದಳು. ಮನೆಯಲ್ಲಿ ಮೇವು ಕತ್ತರಿಸುವ ಮೆಷಿನ್ನಿಗೆ ಕೈ ಸಿಕ್ಕಿ ಗಾಯ.

"ನಮ್ಮನೇಲಿ ಹಸುವೇ ಇಲ್ಲ" ಎಂದ ಮುನಿಕೃಷ್ಣ. "ಎಮ್ಮೇನೂ ಇಲ್ಲ. ಒಂದು ಮೇಕೆ ಇತ್ತು, ಅದನ್ನೂ ಮಾರಿ ಎರಡು ವರ್ಷ ಆಯ್ತು."

"ಯಾರು ಹಿಂಗೆ ಬರೆಸಿದ್ದು?"

"ಗೊತ್ತಿಲ್ಲಕ್ಕಾ. ನಾನು ಬರೋ ಹೊತ್ತಿಗೆ ಬರೆಸಿ ಆಗಿತ್ತು."

ಅನಿತ ಹೇಳಿದಳು, "ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದೀವಿ. ವಿಚಾರಣೆ ಆಗುತ್ತೆ. ಫ್ಯಾಕ್ಟರಿಯವರು ಇವಳು ಅವತ್ತು ಕೆಲಸಕ್ಕೇ ಬಂದಿರಲಿಲ್ಲ ಅಂತಾರೆ. ಕಣ್ಣಾರೆ ನೋಡಿದೋರು ಒಬ್ಬರಾದ್ರೂ ಬೇಕು."

ಆದಿಲಕ್ಷ್ಮಿ ಬೈರಮ್ಮನ ಮುಖವನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ಕೇಳಿದ್ದರೆ ಬೈರಮ್ಮನಿಗೆ ಸುಲಭವಾಗುತ್ತಿತ್ತು. ಏನಾದರೂ ನೆಪ ಹೇಳಬಹುದಿತ್ತು.

ಶನಿವಾರ ಬೆಳಿಗ್ಗೆ ಅಮರನಾಥ ಒಬ್ಬೊಬ್ಬರನ್ನೇ ಆಫೀಸಿಗೆ ಕರೆಸಿದ. ಅವತ್ತು ಮೆಷಿನ್ನಿನ ಹತ್ತಿರ ಇದ್ದವರು ಹತ್ತೊಂಬತ್ತು ಜನ. ಮೇಜಿನ ಮೇಲೆ ಟೈಪು ಮಾಡಿದ ಕಾಗದ. ಕೆಲವರು ಹೆಬ್ಬೆಟ್ಟು ಒತ್ತಿದರು. ಕೆಲವರು ಸಹಿ ಹಾಕಿದರು. ಹೊರಗೆ ಬಂದವರು ಬೆರಳಿನ ಮಸಿಯನ್ನು ಮಣ್ಣಿಗೆ ಒರೆಸಿಕೊಂಡು ತಲೆ ತಗ್ಗಿಸಿ ಹೋದರು. ಬೈರಮ್ಮನ ಸರದಿ ಬಂತು.

"ಓದ್ತೀನಿ ಸಾರ್" ಎಂದಳು.

ಅಮರನಾಥ ವೆಂಕಟರಮಣಪ್ಪನ ಮುಖ ನೋಡಿ ನಕ್ಕ. "ಓದಮ್ಮ ಓದು. ತಹಸೀಲ್ದಾರ್ ಆಗ್ತೀಯ."

ಅವಳು ನಿಂತೇ ಓದಿದಳು. ಕೂರು ಎಂದು ಯಾರೂ ಹೇಳಲಿಲ್ಲ. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ತುಟಿ ಆಡಿಸುತ್ತ ಓದಿದಳು. ವೆಂಕಟರಮಣಪ್ಪ ಅವಳ ತುಟಿಯನ್ನು ಅಣಕಿಸಿ ತೋರಿಸಿದ. ಅಮರನಾಥ ಮತ್ತೆ ನಕ್ಕ. ಅವಳ ಕಿವಿ ಬಿಸಿಯಾಯಿತು. ಬೆರಳನ್ನು ಮಾತ್ರ ತೆಗೆಯಲಿಲ್ಲ. ಆದಿಲಕ್ಷ್ಮಿ ಎಂಬುವವರು ಅಂದು ಕೆಲಸಕ್ಕೆ ಬಂದಿರುವುದಿಲ್ಲ ಎಂಬಲ್ಲಿಗೆ ಬಂದು ಬೆರಳು ನಿಂತಿತು.

"ಬಂದಿದ್ಲಲ್ಲ ಸಾರ್."

"ಬಂದಿರಲಿಲ್ಲ."

"ನನ್ನ ಮುಂದೇನೇ ಇದ್ಲು."

ಅಮರನಾಥನ ನಗು ಹೋಯಿತು. "ನೋಡು ಬೈರಮ್ಮ, ನಿಮ್ಮ ಪ್ರಾರ್ಥನೆ ಶೆಡ್ಡು ಯಾರ ಜಾಗದಲ್ಲಿ ಐತೆ? ಊರೋರು ನಿಮ್ಮನ್ನ ಓಡಿಸ್ದಾಗ ಜಾಗ ಕೊಟ್ಟೋನು ನಾನು. ಇನ್ನೂ ಎಷ್ಟು ಮಾಡ್ಲಿ ನಿಮಗೆ?"

ಅದು ನಿಜ. ಎರಡು ವರ್ಷದ ಹಿಂದೆ ಪ್ರಾರ್ಥನೆ ಊರಿನ ಒಂದು ಬಾಡಿಗೆ ಮನೆಯಲ್ಲಿ ನಡೆಯುತ್ತಿತ್ತು. ಒಂದು ಭಾನುವಾರ ಮೂವತ್ತು ನಲವತ್ತು ಗಂಡಸರು ಬಂದು ಕೂಗಾಡಿದರು. ಹಾರ್ಮೋನಿಯಂ ಬೀದಿಗೆ ಬಿತ್ತು. ಮನೆಯ ಯಜಮಾನ ಬೀಗ ಹಾಕಿದ. ಆಗ ಅಮರನಾಥ ಫ್ಯಾಕ್ಟರಿಯ ಹಿಂದಿನ ಹಳೆಯ ಶೆಡ್ಡನ್ನು ಬಿಟ್ಟುಕೊಟ್ಟ. ಅಂದಿನಿಂದ ಭಾನುವಾರ ಮಧ್ಯಾಹ್ನ ಲಾರಿ ಬಂದರೆ ಪ್ರಾರ್ಥನೆಯವರು ಕೂಲಿಯಿಲ್ಲದೆ ಇಟ್ಟಿಗೆ ತುಂಬುತ್ತಿದ್ದರು. ಅದನ್ನು ಯಾರೂ ಲೆಕ್ಕ ಇಟ್ಟಿರಲಿಲ್ಲ.

"ಸೋಮವಾರ ಬಂದು ಸೈನ್ ಹಾಕು. ಇಲ್ಲಾಂದ್ರೆ ಕೆಲಸಕ್ಕೆ ಬರ್ಬೇಡ" ಎಂದ ಅಮರನಾಥ.

ಸಂಜೆ ಪಾಸ್ಟರ್ ಕದಿರೇಶ್ ಮನೆಗೆ ಬಂದರು. ಎಂದಿನಂತೆ ಒಳಗೆ ಬರಲಿಲ್ಲ. ಜಗಲಿಯ ಮೇಲೇ ಕುಳಿತರು. ಅಂಗಿಯ ತೋಳಿನ ಮೇಲೆ ಬಿಳಿ ಬಣ್ಣದ ಕಲೆಗಳು.

"ಓನರ್ ಫೋನ್ ಮಾಡಿದ್ರು ಸಿಸ್ಟರ್."

"ಗೊತ್ತಾಯ್ತು ಅಯ್ಯಗಾರೂ."

"ಆದಿಲಕ್ಷ್ಮಿಗೆ ಆಗಿದ್ದು ಅನ್ಯಾಯವೇ. ನಾನು ಇಲ್ಲ ಅನ್ನಲ್ಲ. ಆದ್ರೆ ನ್ಯಾಯ ತೀರಿಸೋಕೆ ದೇವರಿದ್ದಾನೆ. ನಾವು ತಾಳ್ಮೆಯಿಂದ ಇರ್ಬೇಕು. ಆ ಶೆಡ್ಡು ಹೋದ್ರೆ ನಲವತ್ತು ಜನ ಎಲ್ಲಿಗೆ ಹೋಗ್ತಾರೆ ಯೋಚಿಸಿ. ಇನ್ನೊಂದು ಜಾಗ ಯಾರು ಕೊಡ್ತಾರೆ ನಮಗೆ?"

"ಆಯಮ್ಮನ ಕೈ ಹೋಯ್ತಲ್ಲ."

"ಅವರು ನಮ್ಮ ಸಭೆಯವರೂ ಅಲ್ಲ ಸಿಸ್ಟರ್."

ಬೈರಮ್ಮ ಅವರನ್ನು ನೋಡಿದಳು. ಮಾತು ಬಾಯಿಂದ ಜಾರಿದ ಮೇಲೆ ಅವರಿಗೇ ನಾಚಿಕೆಯಾದಂತಿತ್ತು. ಕಣ್ಣು ನೆಲಕ್ಕೆ ಹಾಕಿದರು.

"ನೀವು ಬಂದಾಗ ನಾವೂ ನಿಮ್ಮ ಸಭೆಯವರಾಗಿರಲಿಲ್ಲ ಅಯ್ಯಗಾರೂ" ಎಂದಳು. "ನನ್ನ ಗಂಡನ ಕಫ ಹಿಡಿದ್ರಲ್ಲ, ಆವಾಗ ಕೇಳಿದ್ರಾ ನೀನು ಯಾರ ಸಭೆ ಅಂತ?"

ಪಾಸ್ಟರ್ ತೋಳಿನ ಮೇಲಿನ ಬಿಳಿ ಕಲೆಯನ್ನು ಉಗುರಿನಿಂದ ಕೆರೆದರು. ಆಮೇಲೆ ಹೇಳಿದರು.

"ಆಸ್ಪತ್ರೇಲಿ ಬರೆಸಿದ್ದು ನಾನೇ."

"ಏನು?"

"ಮೇವಿನ ಮೆಷಿನ್ನು ಅಂತ. ಅವತ್ತು ಶೆಡ್ಡಿಗೆ ಸುಣ್ಣ ಹೊಡೀತಾ ಇದ್ದೆ. ಗೇಟಿನ ಆಚೆ ಕಾರು ನಿಲ್ಸಿ ಓನರ್ ಕೂಗಿದ್ರು, ಜೊತೆಗೆ ಹೋಗಿ, ನೀವು ಓದಿದೋರು ಅಂದ್ರು. ಅವಳ ತಲೆ ನನ್ನ ತೊಡೆ ಮೇಲೇ ಇತ್ತು. ದಾರೀಲಿ ಫೋನ್ ಬಂತು. ಹಿಂಗಿಂಗೆ ಬರೆಸಿ ಅಂದ್ರು. ಬರೆಸ್ಬಿಟ್ಟೆ." ಅವರು ಅಂಗೈಯಿಂದ ಮುಖ ಒರೆಸಿಕೊಂಡರು. "ಮೂರು ದಿನದಿಂದ ಪ್ರಾರ್ಥನೆ ಮಾಡೋಕೆ ಕೂತ್ರೆ ಬಾಯಿಗೆ ಮಾತೇ ಬರ್ತಿಲ್ಲ."

ಬೈರಮ್ಮ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಜಗಲಿಯಿಂದ ಅವರು ಎದ್ದು ಹೋದ ಸದ್ದು, ಬೈಕು ಎರಡು ಮೂರು ಸಲ ಒದ್ದ ಮೇಲೆ ಶುರುವಾದ ಸದ್ದು ಕೇಳಿಸಿತು. ಅವಳಿಗೆ ಅಳು ಬರಲಿಲ್ಲ. ಕೈಗೆ ಸಿಕ್ಕ ತಟ್ಟೆಯನ್ನು ಗೋಡೆಗೆ ಎಸೆದಳು. ಈ ದೇವರನ್ನು ಅವಳಿಗೆ ತೋರಿಸಿದ್ದೇ ಆ ಮನುಷ್ಯ. ತೋರಿಸಿದ ಕೈಯೇ ಹೀಗಾದರೆ ದೇವರು ಉಳಿಯುತ್ತಾನೆಯೇ? ಅವಳು ಮೊಣಕಾಲೂರಿದಳು. ಮಾತು ಬರಲಿಲ್ಲ. ಎದ್ದಳು. ಮತ್ತೆ ಕೂತಳು. ಒಲೆ ಹಚ್ಚಿ ಆರಿಸಿದಳು. ಎಂಟು ವರ್ಷದಿಂದ ಅವಳು ದೇವರ ಹತ್ತಿರ ಕೇಳಿದ್ದೆಲ್ಲ ತಾಳಿಕೊಳ್ಳುವ ಶಕ್ತಿ. ಗಂಡ ಸತ್ತಾಗ ತಾಳಿಕೊಂಡಳು. ನಡು ಹಿಡಿದಾಗ ತಾಳಿಕೊಂಡಳು. ವೆಂಕಟರಮಣಪ್ಪನ ಬೈಗುಳ ತಾಳಿಕೊಂಡಳು. ದೇವರು ಕೇಳಿದಷ್ಟೂ ಕೊಟ್ಟಿದ್ದ. ತಾನು ಬೇರೆ ಏನಾದರೂ ಕೇಳಬೇಕಿತ್ತೇನೋ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಭಾನುವಾರ ಕೂಟಕ್ಕೆ ಹೋದಳು. ಶೆಡ್ಡಿನ ಗೋಡೆ ಬೆಳ್ಳಗಾಗಿತ್ತು. ಪಾಸ್ಟರ್ ಅವಳ ಕಡೆ ನೋಡದೆ ಪ್ರಾರ್ಥನೆ ಮಾಡಿದರು. ಕಾಯಿಲೆಯವರಿಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಮಾಡಿದರು. ಕೊನೆಗೆ ಈ ಸ್ಥಳ ಕೊಟ್ಟವರನ್ನೂ ಅವರ ವ್ಯಾಪಾರವನ್ನೂ ಆಶೀರ್ವದಿಸು ಎಂದರು. ಎಲ್ಲರೂ ಆಮೆನ್ ಎಂದರು. ಬೈರಮ್ಮ ಅನ್ನಲಿಲ್ಲ. ಪಕ್ಕದಲ್ಲಿದ್ದ ಶ್ಯಾಮಲಮ್ಮ ಮೊಣಕೈಯಿಂದ ತಿವಿದಳು.

"ಆಮೆನ್ ಅನ್ನೇ."

"ಅನ್ನಲ್ಲ."

ಸೋಮವಾರ ಅವಳು ಸಹಿ ಹಾಕಲು ಹೋಗಲಿಲ್ಲ. ಮಂಗಳವಾರ ಕೆಲಸಕ್ಕೆ ಹೋದಳು. ಗೇಟಿನಲ್ಲಿ ವೆಂಕಟರಮಣಪ್ಪ ಅವಳ ಬಾಂಡಲಿಯನ್ನು ರಸ್ತೆಗೆ ಎಸೆದ. "ಹೋಗಿ ನಿಮ್ಮ ಏಸಪ್ಪನ ಕೈಲಿ ಕೂಲಿ ಇಸ್ಕೋ" ಎಂದ. ಬಾಂಡಲಿ ಉರುಳಿ ಚರಂಡಿಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ವಿಚಾರಣೆ ಬಂದದ್ದು ಮೂರು ವಾರದ ಮೇಲೆ. ಕೋಲಾರದ ಆಫೀಸಿನಲ್ಲಿ ಒಂದು ಉದ್ದ ಮೇಜು. ಅಧಿಕಾರಿ ತುದಿಯಲ್ಲಿ ಕುಳಿತಿದ್ದರು. ಒಂದು ಕಡೆ ಅಮರನಾಥ ಮತ್ತು ಅವನ ವಕೀಲರು. ಇನ್ನೊಂದು ಕಡೆ ಅನಿತ, ಆದಿಲಕ್ಷ್ಮಿ, ಮುನಿಕೃಷ್ಣ. ಮೇಘನ ಕಾಲೇಜಿನಿಂದ ನೇರ ಬಂದು ಬಾಗಿಲ ಹತ್ತಿರ ಬ್ಯಾಗು ತಬ್ಬಿಕೊಂಡು ನಿಂತಳು. ಬರುವ ಮೊದಲು ತಾಯಿಗೆ ಫೋನಿನಲ್ಲಿ ಹೇಳಿದ್ದಳು, "ಅಮ್ಮ, ಕೈ ಹೋದ ವಿಷಯ ಮಾತ್ರ ಹೇಳು. ಬೇರೆ ಏನೂ ಬಾಯಿ ಬಿಡಬೇಡ."

ಬೈರಮ್ಮ ಕಂಡದ್ದನ್ನು ಹೇಳಿದಳು. ಜಾಲರಿ ಬಿಚ್ಚಿಸಿದ್ದು. ಹಂಗೇ ತೆಗಿ ಎಂದದ್ದು. ತೋಳು, ಬೆರಳು, ಮುಂಗೈ. ಪೈಪಿನ ನೀರು. ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಓಡಿದ ಮೆಷಿನ್. ತಾನು ಮತ್ತೆ ಬಾಂಡಲಿ ಹೊತ್ತದ್ದನ್ನೂ ಹೇಳಿದಳು.

ಅಮರನಾಥನ ವಕೀಲರು ಎದ್ದರು. ಅವರು ಮೆಷಿನ್ನಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ.

"ನಿಮ್ಮ ಧರ್ಮ ಯಾವುದಮ್ಮ?"

ಬೈರಮ್ಮ ಅನಿತಳ ಕಡೆ ನೋಡಿದಳು. ಅನಿತ ತಟ್ಟನೆ ಎದ್ದಳು. "ಸಾರ್, ಇದಕ್ಕೂ ಕೈ ಹೋಗಿದ್ದಕ್ಕೂ ಏನು ಸಂಬಂಧ?"

"ಸಂಬಂಧ ಇದೆ" ಎಂದರು ವಕೀಲರು. "ಇವರ ಮಗಳು ಪರಿಶಿಷ್ಟ ಜಾತಿಯ ಹೆಸರಲ್ಲಿ ಸರ್ಕಾರದ ಹಾಸ್ಟೆಲ್ಲಿನಲ್ಲಿದ್ದಾಳೆ. ಇವರು ಪ್ರತಿ ಭಾನುವಾರ ಏಸುವಿನ ಪ್ರಾರ್ಥನೆಗೆ ಹೋಗುತ್ತಾರೆ. ಸರ್ಕಾರಕ್ಕೇ ಸುಳ್ಳು ಹೇಳುವವರು ಇಲ್ಲಿ ನಿಜ ಹೇಳುತ್ತಾರೆ ಎಂದು ಹೇಗೆ ನಂಬುವುದು?"

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳೋಕೆ ಇಷ್ಟ ಇಲ್ಲದಿದ್ದರೆ ಬಿಡಮ್ಮ."

"ಬಿಡಬಹುದು" ಎಂದರು ವಕೀಲರು. "ನಾನು ಹಿಂದೂ, ಪ್ರಾರ್ಥನೆಗೆ ಸುಮ್ಮನೆ ಹೋಗುತ್ತೇನೆ ಎಂದರೆ ಮುಗಿಯಿತು. ಮಗಳಿಗೂ ತೊಂದರೆ ಇಲ್ಲ. ಹೇಳಿ. ನೀವು ಕ್ರಿಸ್ತನನ್ನು ನಂಬಿದವರೋ, ಅಲ್ಲವೋ?"

ಬೈರಮ್ಮ ಮಗಳನ್ನು ನೋಡಿದಳು. ಮೇಘನ ತಲೆ ಅಡ್ಡಡ್ಡ ಆಡಿಸುತ್ತಿದ್ದಳು. ಬೇಡ ಅಮ್ಮ, ಬೇಡ. ಅವಳ ಬೆರಳುಗಳು ಬ್ಯಾಗಿನ ಪಟ್ಟಿಯನ್ನು ಹಿಂಡುತ್ತಿದ್ದವು. ಒಂದು ಸಣ್ಣ ಇಲ್ಲ ಸಾಕಾಗಿತ್ತು. ಆದರೆ ಅದನ್ನು ಹೇಳಿದರೆ ಈಗಷ್ಟೇ ಹೇಳಿದ ಅಷ್ಟೂ ಮಾತು ಇಲ್ಲವಾಗುತ್ತದೆ. ಒಂದೇ ಬಾಯಿಂದ, ಒಂದೇ ಮೇಜಿನ ಮುಂದೆ, ಅದೂ ಇದೂ ಹೇಳಲು ಆಗುವುದಿಲ್ಲ. ಎದುರಿಗೆ ಆದಿಲಕ್ಷ್ಮಿ ಖಾಲಿ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದಳು.

"ನಂಬ್ದೋಳೇ ಸಾರ್" ಎಂದಳು. "ಬರ್ಕೊಳ್ಳಿ."

"ಅಂದರೆ ನೀವು ಪರಿಶಿಷ್ಟ ಜಾತಿಯವರಲ್ಲ."

"ಅದು ನಂಗೊತ್ತಿಲ್ಲ ಸಾರ್. ನಾನು ನೀರಲ್ಲಿ ಮುಳುಗಿ ಎದ್ದೆ. ಊರು ಮುಳುಗಲಿಲ್ಲ. ಇವತ್ತಿಗೂ ಹೋಟ್ಲೋನು ನಮಗೆ ಪೇಪರ್ ಲೋಟದಲ್ಲೇ ಟೀ ಕೊಡ್ತಾನೆ. ಯಾವ ದೇವರ ಕಡೆಯೋಳು ಅಂತ ಕೇಳಿ ಕೊಡಲ್ಲ. ನಿಮ್ಮ ಓನರ್ ನಂಗೆ ಕುರ್ಚಿ ಹಾಕಲಿಲ್ಲ. ಕ್ರಿಸ್ತನೋಳು ಅಂತ ನಿಲ್ಸಿದ್ರಾ, ಮಾದಿಗ್ರೋಳು ಅಂತ ನಿಲ್ಸಿದ್ರಾ, ಅವರನ್ನೇ ಕೇಳಿ."

ಯಾರೂ ಕೇಳಲಿಲ್ಲ.

"ಇನ್ನೊಂದು ಬರ್ಕೊಳ್ಳಿ" ಎಂದಳು. ಈಗ ದನಿ ಏರಿತ್ತು. "ಆಯಮ್ಮನ ಮನೇಲಿ ಹಸು ಇಲ್ಲ. ಮೇವು ಯಾರಿಗೆ ಕತ್ತರಿಸ್ತಾ ಇದ್ಲು? ನಾನು ಯಾವ ದೇವರಿಗೆ ಕೈ ಮುಗಿದ್ರೂ ಆ ಮನೇಲಿ ಹಸು ಇಲ್ಲ."

ಅಧಿಕಾರಿ ಬರೆಸಿಕೊಂಡರು. ಆಸ್ಪತ್ರೆಯಲ್ಲಿ ಬರೆಸಿದವರು ಯಾರು ಎಂದು ಕೇಳಿದರು. ಬೈರಮ್ಮನಿಗೆ ಗೊತ್ತಿತ್ತು. ಹೆಸರು ನಾಲಿಗೆಯ ತುದಿಗೆ ಬಂತು. "ಬರೆಸಿದೋರೇ ಬಂದು ಹೇಳ್ಬೇಕು ಸಾರ್. ನಾನು ಅಲ್ಲಿರಲಿಲ್ಲ" ಎಂದಳು. ಅದು ಸುಳ್ಳಲ್ಲ. ಆದರೂ ಹೊರಗೆ ಬಂದ ಮೇಲೆ ಅದು ಅವಳನ್ನು ಕೊರೆಯಿತು. ತಾನು ಉಳಿಸಿದ್ದು ಆ ಮನುಷ್ಯನನ್ನೋ, ತನ್ನ ಮನೆಯ ಚೊಂಬಿನಲ್ಲಿ ಅವರು ಕುಡಿದ ನೀರನ್ನೋ ಅವಳಿಗೆ ತಿಳಿಯಲಿಲ್ಲ. ಅಧಿಕಾರಿ ಮುಂದಿನ ದಿನಾಂಕ ಕೊಟ್ಟರು. ಬರುವ ತಿಂಗಳ ಹದಿನಾಲ್ಕು.

ಮೇಘನ ಬಸ್ ಸ್ಟ್ಯಾಂಡಿನವರೆಗೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ನಿಂತು ಕೂಗಿದಳು. "ನಿಂಗೆ ನಿನ್ನ ದೇವರೇ ಜಾಸ್ತಿ ಆದ. ನಾನೇನಾಗ್ಲಿ? ಎಲ್ಲಿಗೆ ಹೋಗ್ಲಿ?" ಜನ ತಿರುಗಿ ನೋಡಿದರು. ಬೈರಮ್ಮ ಅವಳ ಕೈ ಹಿಡಿಯಲು ಹೋದಳು. ಮೇಘನ ಕೊಸರಿಕೊಂಡು ಹಾಸ್ಟೆಲ್ಲಿನ ಕಡೆ ಹೋದಳು.

ಮುಂದಿನ ಭಾನುವಾರ ಶೆಡ್ಡಿಗೆ ದೊಡ್ಡ ಬೀಗ ಬಿದ್ದಿತ್ತು. ಒಳಗಿದ್ದ ಚಾಪೆ, ಡೋಲು, ಸ್ಪೀಕರ್ ಎಲ್ಲ ರಸ್ತೆಯ ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಇಪ್ಪತ್ತು ಮೂವತ್ತು ಜನ ಒಳ್ಳೆಯ ಬಟ್ಟೆ ಉಟ್ಟುಕೊಂಡು ಬಂದು ಬೀಗ ನೋಡುತ್ತ ನಿಂತಿದ್ದರು.

"ನಿನ್ನಿಂದ ಆಗಿದ್ದು" ಎಂದಳು ಶ್ಯಾಮಲಮ್ಮ. "ನಂಗೂ ಕೆಲಸ ಹೋದ್ರೆ ನೀನು ಅನ್ನ ಹಾಕ್ತೀಯಾ? ದೊಡ್ಡ ಭಕ್ತೆ ಇವಳು."

"ಸೈನ್ ಹಾಕಿದ್ದಿದ್ರೆ ಇವಳ ಗಂಟೇನು ಹೋಗ್ತಿತ್ತು?" ಎಂದ ಇನ್ನೊಬ್ಬ.

ಬೈರಮ್ಮ ರಾಶಿಯಿಂದ ಒಂದು ಚಾಪೆ ಎಳೆದು ರಸ್ತೆಯ ಅಂಚಿನಲ್ಲಿ ಹಾಸಿದಳು. ಅದು ಯಾರ ಜಾಗವೂ ಅಲ್ಲ. ಕುಳಿತಳು. ಲಾರಿಗಳ ಧೂಳು ಮುಖಕ್ಕೆ ಹೊಡೆಯಿತು. ವಾರಗಳಿಂದ ಬಾರದ ಪ್ರಾರ್ಥನೆ ಬಂತು. ತೆಲುಗಿನಲ್ಲಿ, ಗಟ್ಟಿಯಾಗಿ, ಜಗಳದಂತೆ ಬಂತು. ಪ್ರಭುವಾ, ಕಂಡದ್ದನ್ನು ನಾನು ಹೇಳಿದೆ. ಅವತ್ತು ನೀನೂ ಅಲ್ಲಿದ್ದೆ. ನೀನೂ ನೋಡಿದೆ. ಈಗ ಸುಮ್ಮನಿರಬೇಡ. ತಾಳಿಕೋ ಎಂದು ನನಗೆ ಹೇಳಬೇಡ, ಇನ್ನು ತಾಳಲಾರೆ. ನನ್ನ ಮಗಳ ಕಣ್ಣೀರಿಗೆ ನೀನೇ ಉತ್ತರ ಕೊಡು. ಕೊಡುವವರೆಗೆ ನಿನ್ನನ್ನು ಬಿಡುವುದಿಲ್ಲ.

ಕೆಲವರು ಮನೆಗೆ ಹೋದರು. ಕೆಲವರು ನಿಂತರು. ಒಬ್ಬ ಮುದುಕಿ ಬಂದು ಚಾಪೆಯ ತುದಿಯಲ್ಲಿ ಕುಳಿತಳು. ಆಮೇಲೆ ಇನ್ನಿಬ್ಬರು.

ಪಾಸ್ಟರ್ ಕದಿರೇಶ್ ತಡವಾಗಿ ಬಂದರು. ಬೈಕು ನಿಲ್ಲಿಸಿ, ಚಾಪೆಯ ಹತ್ತಿರ ಬಂದು ನಿಂತರು. ವಾಕ್ಯ ಓದಲಿಲ್ಲ. ಹಾಡು ಎತ್ತಲಿಲ್ಲ. "ಆಸ್ಪತ್ರೆಯಲ್ಲಿ ಸುಳ್ಳು ಬರೆಸಿದವನು ನಾನು" ಎಂದು ಎಲ್ಲರ ಮುಂದೆ ಹೇಳಿದರು. "ಶೆಡ್ಡು ಉಳಿಯಲಿ ಅಂತ ಬರೆಸಿದೆ." ಮೊಣಕಾಲೂರಿ ಅತ್ತರು. ಮುದುಕಿ ದೇವರಿಗೆ ಸ್ತೋತ್ರ ಎಂದಳು. ಯಾರೋ ಅವರ ಬೆನ್ನು ಸವರಿದರು.

ಬೈರಮ್ಮ ಸವರಲಿಲ್ಲ.

"ಇಲ್ಲಿ ಹೇಳಿದ್ರೆ ಸಾಲಲ್ಲ ಅಯ್ಯಗಾರೂ" ಎಂದಳು. "ಇಲ್ಲಿರೋರು ನಾವು, ಕ್ಷಮಿಸ್ಬಿಡ್ತೀವಿ. ಹದಿನಾಲ್ಕಕ್ಕೆ ಕೋಲಾರದಲ್ಲಿ ಹೇಳಿ. ಆಯಮ್ಮನ ಮುಖ ನೋಡ್ಕೊಂಡು ಹೇಳಿ."

ಹದಿನಾಲ್ಕರಂದು ಅವರು ಬಂದರು. ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲಿ ಕುಳಿತರು. ಆಫೀಸಿನಲ್ಲಿ ಆದಿಲಕ್ಷ್ಮಿಯ ಎದುರು ನಿಂತು ಹೇಳಿದರು. ಫೋನು ಬಂದ ಹೊತ್ತನ್ನೂ ಹೇಳಿದರು. ಆದಿಲಕ್ಷ್ಮಿ ಅವರ ಮುಖ ನೋಡಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅವಳು ಹೇಳಬೇಕಾಗಿಯೂ ಇರಲಿಲ್ಲ.

ಆರು ತಿಂಗಳ ಮೇಲೆ ಆದೇಶ ಬಂತು. ಅಪಘಾತ ಫ್ಯಾಕ್ಟರಿಯಲ್ಲೇ ಆದದ್ದು, ಪರಿಹಾರ ಕೊಡಬೇಕು ಎಂದಿತ್ತು. ಅಮರನಾಥ ಮೇಲಿನ ಕೋರ್ಟಿಗೆ ಹೋದ. ಅದು ಇನ್ನೂ ನಡೆಯುತ್ತಿದೆ. ವೆಂಕಟರಮಣಪ್ಪ ಇನ್ನೂ ಮೇಸ್ತ್ರಿಯೇ. ಜಾಲರಿ ಈಗ ಮೆಷಿನ್ನಿನ ಮೇಲೆಯೇ ಇದೆ, ಅಷ್ಟಂತೂ ಆಯಿತು. ಪಾಸ್ಟರ್ ವಾರದ ದಿನಗಳಲ್ಲಿ ಮಾಲೂರಿನಲ್ಲಿ ಆಟೋ ಓಡಿಸುತ್ತಾರೆ. ಭಾನುವಾರ ಕೂಟ ಬೈರಮ್ಮನ ಮನೆಯ ಅಂಗಳದಲ್ಲಿ, ಹನ್ನೊಂದು ಜನ. ಶ್ಯಾಮಲಮ್ಮ ಬರುವುದಿಲ್ಲ. ಬೈರಮ್ಮ ಟೊಮ್ಯಾಟೊ ತೋಟಗಳಿಗೆ ಕೂಲಿಗೆ ಹೋಗುತ್ತಾಳೆ. ಬೆನ್ನು ಬಗ್ಗಿಸಿದರೆ ಸಂಜೆಗೆ ನೆಟ್ಟಗಾಗುವುದಿಲ್ಲ.

ಪತ್ರ ಬಂದದ್ದು ಮೊನ್ನೆ. ಮೇಘನ ಅದನ್ನು ಹಿಡಿದುಕೊಂಡು ಹಾಸ್ಟೆಲ್ಲಿನಿಂದ ಮನೆಗೆ ಬಂದಳು. ಬಸ್ ಸ್ಟ್ಯಾಂಡಿನ ಜಗಳದ ಮೇಲೆ ಅವಳು ಮನೆಗೆ ಬಂದದ್ದು ಎರಡೇ ಸಲ. ಹೊಸ್ತಿಲ ಮೇಲೆ ಕುಳಿತು ಗಟ್ಟಿಯಾಗಿ ಓದಿದಳು. ನಿಮ್ಮ ಕುಟುಂಬ ಮತಾಂತರ ಹೊಂದಿದೆ ಎಂದು ದೂರು ಬಂದಿದೆ. ನಿಮ್ಮ ಜಾತಿ ಪ್ರಮಾಣಪತ್ರವನ್ನು ಏಕೆ ರದ್ದು ಮಾಡಬಾರದು ಎಂಬುದಕ್ಕೆ ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು.

ಬೈರಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಇದು ಬರುತ್ತದೆಂದು ಪ್ರತಿ ದಿನ ಗೊತ್ತಿತ್ತು. ಪ್ರತಿ ದಿನ ಬೇಡಿಕೊಂಡಿದ್ದಳು. ಬಂದೇಬಿಟ್ಟಿತು.

"ಅನಿತಕ್ಕ ಉತ್ತರ ಬರೆದುಕೊಡ್ತೀನಿ ಅಂದ್ರು" ಎಂದಳು ಮೇಘನ. "ನಾನೇ ಬರೀತೀನಿ ಅಂದೆ."

ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ಬಿಚ್ಚಿದಳು. ಅವಳ ಮುಖದಲ್ಲಿ ಸಿಟ್ಟು ಹೋಗಿರಲಿಲ್ಲ. ಆದರೆ ಆ ಸಿಟ್ಟು ಈಗ ತಾಯಿಯ ಕಡೆ ತಿರುಗಿರಲಿಲ್ಲ.

"ಹೇಳಮ್ಮ. ಏನಂತ ಬರೀಲಿ?"

ಬೈರಮ್ಮ ಮಗಳ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತಳು. ಎರಡೂ ಕೈಗಳನ್ನು ತೊಡೆಯ ನಡುವೆ ಅದುಮಿಕೊಂಡಳು.

"ಇರೋದನ್ನೇ ಬರಿ" ಎಂದಳು.